ಗೃಹಪ್ರವೇಶದ ದಿನದ ಸಹಿ

ಅವರೆಕಾಯಿ ಬಿಡಿಸುತ್ತಿದ್ದಾಗ ಫ್ರಾನ್ಸಿನಿಂದ ಮಗಳು ಶಾರದೆಯ ಕಾಗದ ಬಂತು. ಹೊಸದಾಗಿ ಕಟ್ಟಿಸಿದ ಮನೆಯಲ್ಲಿ, ಬಾಣಂತನಕ್ಕೆಂದು ಇಟ್ಟುಕೊಂಡ ಕೋಣೆಯ ಕಿಟಕಿ ಪೂರ್ತಿ ಮುಚ್ಚುವುದಿಲ್ಲವಂತೆ. ಚಳಿಗಾಳಿ ನುಗ್ಗುತ್ತದೆ, ಕಂಟ್ರಾಕ್ಟರು ಸರಿಮಾಡಿಕೊಡಲು ಒಪ್ಪುತ್ತಿಲ್ಲ. ಕರಾರಿನ ಜೊತೆ ಮನೆ ವಹಿಸಿಕೊಂಡ ದಿನ ಸಹಿ ಹಾಕಿದ ಕಾಗದದ ಪ್ರತಿಯನ್ನೂ ಕಳಿಸಿ, ನಮ್ಮ ಫ್ರೆಂಚ್ ಇದಕ್ಕೆ ಸಾಲದು, ಭಾಷೆ ಚೆನ್ನಾಗಿ ತಿಳಿದವರಿಗೆ ತೋರಿಸಮ್ಮ ಎಂದು ಬರೆದಿದ್ದಳು. ಕಾಳು ನೆನೆಹಾಕಿ, ಜಯನಗರದಲ್ಲಿ ಬಸ್ಸು ಹತ್ತಿ ವಿಲ್ಸನ್ ಗಾರ್ಡನ್ನಿಗೆ ಹೋದೆ. ಅಲ್ಲಿ ಫ್ರೆಂಚ್ ಪಾಠ ಹೇಳುವ ಮೇಡಂ ಒಬ್ಬರಿದ್ದಾರೆ.

ವರಾಂಡದಲ್ಲೇ ಕೂತು ಓದಿದರು. "ಮನೆ ವಹಿಸಿಕೊಳ್ಳೋ ದಿನ ಕಣ್ಣಿಗೆ ಕಂಡ ಕೊರತೆಯೆಲ್ಲ ಈ ಜಾಗದಲ್ಲಿ ಬರೀಬೇಕು ಕಣ್ರೀ. ಬರೀದೆ ಸಹಿ ಹಾಕಿದ್ರೆ ಒಪ್ಪಿಕೊಂಡ ಹಾಗೇನೇ. ಇವರು ಖಾಲಿ ಬಿಟ್ಟಿದಾರೆ. ಕಿಟಕಿ ಆಗ ಕಂಡಿರಲಿಲ್ವಾ?"

"ಕಂಡಿತ್ತಂತೆ ಮೇಡಂ. ಅವತ್ತೇ ಗೃಹಪ್ರವೇಶ ಇಟ್ಕೊಂಡಿದ್ರು. ಶುಭದಿನ ಮನೆ ಮೇಲೆ ಕೊಂಕು ಬರೀಬಾರ್ದು ಅಂತ ಅಳಿಯಂದಿರು ಸುಮ್ಮನಾದ್ರಂತೆ."

ಮೇಡಂ ಕನ್ನಡಕ ತೆಗೆದರು. "ಕೊಂಕು ಬರೀಲಿ ಅಂತಾನೇ ಆ ಜಾಗ ಬಿಟ್ಟಿರೋದು."

ಕೊರತೆ ಹೇಳಿಕೊಳ್ಳಲೆಂದೇ ಜಾಗ ಬಿಟ್ಟ ಕಾಗದವನ್ನು ನಾನು ನೋಡಿದ್ದು ಅದೇ ಮೊದಲು. ನಾನಲ್ಲಿದ್ದರೂ ಬರೆಯಬೇಡಿ ಎಂದೇ ಹೇಳುತ್ತಿದ್ದೆ. ಗೋಡೆಗೋ ಸೂರಿಗೋ ಮುಂದೆ ದೊಡ್ಡ ತೊಂದರೆ ಬಂದರೆ ಹತ್ತು ವರ್ಷ ಕಂಟ್ರಾಕ್ಟರದೇ ಹೊಣೆ ಎಂದೂ ಕರಾರಿನಲ್ಲಿ ಇದೆಯಂತೆ. ಗುರುರಾಯರ ದಯೆ, ಅಷ್ಟಾದರೂ ಉಳಿಯಿತು. ಕಿಟಕಿಯನ್ನು ಮಾತ್ರ, ಮಗು ಬರುವುದರೊಳಗೆ, ಶಾರದೆಯೇ ಕೈಯಿಂದ ದುಡ್ಡು ಹಾಕಿ ಸರಿಮಾಡಿಸಿಕೊಳ್ಳಬೇಕು. ಹಾಗೆಂದು ಅವಳಿಗೆ ಹೇಗೆ ಬರೆಯಲಿ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ.

ಮನೆಗೆ ಬಂದು ಮೊರ ಹಿಡಿದು ಕೂತೆ. ನಾಳೆ ಸಂಕ್ರಾಂತಿ, ಹುಗ್ಗಿಗೆ ಅಕ್ಕಿ ಆಗಬೇಕು. ಕಂಡ ಕಲ್ಲನ್ನೆಲ್ಲ ಆರಿಸಿ ಹೊರಗೆ ಹಾಕಿದೆ.