ಕಾಲಿಗೊಂದು ಕನ್ನಡಿ

"ಸುಮ್ಮನೆ ಒಂದು ಮಾತುಕತೆ, ಅಷ್ಟೇ" ಎಂದು ಇಂಗ್ಲಿಷಿನಲ್ಲಿ ಯಾರಾದರೂ ಬರೆದರೆ ನಂಬಬೇಡಿ. ನಾನಂತೂ ನಂಬಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಸಾರ್ವಜನಿಕ ಆರೋಗ್ಯದ ಎಂ.ಎಸ್ಸಿ. ಓದುತ್ತಿದ್ದ ವರ್ಷ ಅದು. ಅಧ್ಯಾಪಕಿಯ ಆ ಈಮೇಲನ್ನು ಬಸ್ ಸ್ಟಾಪಿನಲ್ಲಿ ನಿಂತು ಓದಿದೆ. ಬಸ್ಸು ಬಂತು, ನಿಂತಿತು, ನಾನು ಹತ್ತಲಿಲ್ಲ, ಹೊರಟುಹೋಯಿತು.

ವಿಷಯ ಇಷ್ಟು. ಸಕ್ಕರೆ ಕಾಯಿಲೆಯವರ ಪಾದಗಳ ಆರೈಕೆಯ ಬಗ್ಗೆ ನಾವು ಎರಡು ಬರಹ ಕೊಡಬೇಕಿತ್ತು. ಒಂದು ಆರೋಗ್ಯ ಅಧಿಕಾರಿಗಳಿಗೆ ವರದಿ, ಇನ್ನೊಂದು ಸಾಮಾನ್ಯ ಮನೆಗಳಿಗೆ ಹಂಚುವ ಕರಪತ್ರ. ನನ್ನ ಎರಡೂ ಒಬ್ಬರೇ ಬರೆದಂತೆ ಕಾಣುವುದಿಲ್ಲವಂತೆ. ವರದಿ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯಂತೆ ಬಿರುಸು, ಕರಪತ್ರ ಮಾತ್ರ ಯಾರೋ ಪಕ್ಕದಲ್ಲಿ ಕೂತು ಹೇಳಿದ ಹಾಗೆ. ಅದನ್ನು ಬೇರೆ ಯಾರೋ ಬರೆದಿರಬೇಕು, ಇಲ್ಲವೇ ಯಂತ್ರ ಬರೆದಿರಬೇಕು ಎಂಬುದು ಅವರ ಗುಮಾನಿ. ಅದೇ ನಿಜವೆಂದು ಅವರು ತೀರ್ಮಾನಿಸಿದರೆ ಸೊನ್ನೆ. ಸೊನ್ನೆಯ ಹಿಂದೆ ಕೋರ್ಸು ಹೋಗುತ್ತದೆ, ಕೋರ್ಸಿನ ಹಿಂದೆ ವೀಸಾ.

ಅರೆ, ಅಧಿಕಾರಿಗೆ ಒಂದು ಥರ, ಮನೆಯವರಿಗೆ ಒಂದು ಥರ ಬರೆಯಿರಿ ಎಂದು ಇಡೀ ಟರ್ಮ್ ಬಡಿದುಕೊಂಡವರು ಇವರೇ ತಾನೆ! ಬರೆದು ಕೊಟ್ಟರೆ ಇದು ನೀನಲ್ಲ ಅನ್ನುತ್ತಾರೆ. ಸಿಟ್ಟು ನೆತ್ತಿಗೇರಿತು. ಆದರೆ ಉತ್ತರ ಬರೆಯಲು ಕೂತಾಗ ಆ ಸಿಟ್ಟು ಎಲ್ಲಿ ಹೋಯಿತೋ, ಹೈಸ್ಕೂಲಿನ ರಜಾ ಅರ್ಜಿ ಬಂದು ಕೈ ಹಿಡಿಯಿತು. ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಮ್ರಳಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ ಎಂಬ ಅದೇ ಧಾಟಿಯನ್ನು ಇಂಗ್ಲಿಷಿನಲ್ಲಿ ಗೀಚಿ ಕಳಿಸಿಬಿಟ್ಟೆ. ನಮ್ಮ ಕಡೆ ಹುಡುಗರು ದೊಡ್ಡವರಿಗೆ ಬರೆಯುವುದು ಹಾಗೇ ಅಲ್ಲವೇ? ಅವರಿಗೋ, ಮೂರನೆಯವಳೊಬ್ಬಳು ಎದ್ದು ಬಂದಂತೆ ಕಂಡಿತು. ಮರುದಿನವೇ ಸಭೆಯ ದಿನಾಂಕ ಬಂತು.

ಕರಪತ್ರ ನನ್ನದಲ್ಲವೆಂದು ಅಧ್ಯಾಪಕಿಯ ಕಿವಿಗೆ ಹಾಕಿದವರು ಯಾರು? ನನ್ನ ಅನುಮಾನ ನೇರವಾಗಿ ನಮ್ಮ ಬಾಡಿಗೆ ಮನೆಯೊಳಗಿನವಳ ಮೇಲೆ ಹೋಯಿತು. ಅವಳು ಉಡುಪಿ ಕಡೆಯವಳು, ನನ್ನದೇ ತರಗತಿ, ನನ್ನ ಪಕ್ಕದ ಕೋಣೆ. ನಾನು ಧಾರವಾಡದವಳು. ನಮ್ಮಿಬ್ಬರ ಕನ್ನಡ ಜಗಳವಾಡಬಾರದೆಂದು ಇಬ್ಬರೂ ಬೆಂಗಳೂರಿನ ಕನ್ನಡಕ್ಕೆ ಇಳಿದಿದ್ದೆವು. ಆದರೆ ಕರಪತ್ರ ಓದಿದ ದಿನ ಅವಳು ತನ್ನ ಊರಿನ ಮಾತಿಗೇ ಜಾರಿ, "ಇದು ಯಾರು ಬರೆದು ಕೊಟ್ಟದ್ದು ಮಾರಾಯ್ತಿ? ಭಾರೀ ಚಂದ ಉಂಟಲ್ಲ!" ಅಂದಿದ್ದಳು. ಹೊಗಳಿಕೆ ಅಂದುಕೊಂಡು ಆಗ ನಕ್ಕಿದ್ದೆ. ಈಗ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡತೊಡಗಿದೆ. ಅವಳು ಚಹಾ ಕೊಟ್ಟರೂ ಯಾಕೆ ಕೊಟ್ಟಳು ಎಂದು ಯೋಚಿಸುತ್ತಿದ್ದೆ.

ಸಾಕ್ಷಿ ಒಂದಿತ್ತು. ಆ ಕರಪತ್ರವನ್ನು ನಾನು ಮೊದಲು ಬಾಯಲ್ಲಿ ಬರೆದಿದ್ದೆ. ಧಾರವಾಡದಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ನಡುವೆ ಇರುವ, ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ. ಒಂದೊಂದು ವಿಷಯವನ್ನೂ ಅವಳಿಗೆ ವಾಯ್ಸ್ ಮೆಸೇಜಿನಲ್ಲಿ ಹೇಳಿ, ಅವಳ ಬೈಗುಳ ಕೇಳಿ, ಆಮೇಲೆ ಇಂಗ್ಲಿಷಿಗೆ ಇಳಿಸಿದ್ದೆ. ಆದರೆ ನನ್ನ ಆ ಫೋನು ಬಿದ್ದು ಸತ್ತಿತ್ತು. ಮೆಸೇಜುಗಳು ಉಳಿದಿದ್ದದ್ದು ದೊಡ್ಡವ್ವನ ಫೋನಿನಲ್ಲಿ ಮಾತ್ರ.

ಬೇರೆ ದಾರಿಯಿಲ್ಲದೆ ಪಕ್ಕದ ಕೋಣೆಯವಳ ಫೋನನ್ನೇ ಇಸಕೊಂಡೆ. ಅವಳು ಎದುರಿಗೇ ನಿಂತಿದ್ದಳು. ಅವಸರ ಬೇರೆ. ಬಾಯಿಗೆ ಬಂದದ್ದು ಬೆಂಗಳೂರಿನ ಕನ್ನಡವೇ.

"ದೊಡ್ಡಮ್ಮಾ, ನಾನು ಕಳಿಸಿದ್ದ ವಾಯ್ಸ್ ಮೆಸೇಜೆಲ್ಲಾ ಈ ನಂಬರಿಗೆ ಫಾರ್ವರ್ಡ್ ಮಾಡಿ, ಪ್ಲೀಸ್, ತುಂಬಾ ಅರ್ಜೆಂಟು."

ಆ ಕಡೆಯಿಂದ ಬೈಗುಳ ಶುರುವಾಯಿತು.

"ಯಾರವಾ ನೀ? ನಮ್ಮ ಹುಡುಗಿ ನನಗ ದೊಡ್ಡವ್ವ ಅಂತಾಳ. ಮಾಡಿ ಗೀಡಿ ಅಂತ ಬಹುವಚನ ಹಚ್ಚಂಗಿಲ್ಲ. ದನಿ ಕದ್ದು ಮಾತಾಡೋ ಕಳ್ಳರು ಬಂದಾರಂತ ಟೀವಿಯೊಳಗ ಹೇಳ್ಯಾರ. ಇಡು ಫೋನು!"

ಟಕ್ಕನೆ ಇಟ್ಟಳು. ಬೆರಳದ್ದಿ ನೋಡದೆ ಹಾಲನ್ನೂ ಮನೆಯೊಳಗೆ ಬಿಟ್ಟುಕೊಳ್ಳುವವಳಲ್ಲ ಅವಳು. ನನ್ನ ಅನುಮಾನದ ಗುಣವೂ ಆ ಮನೆಯಿಂದಲೇ ಬಂದದ್ದು. ಮತ್ತೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಿದಾಗ ನನಗೆ ತಡೆಯಲಾಗಲಿಲ್ಲ.

"ಏ ದೊಡ್ಡವ್ವ, ತಲಿ ಕೆಟ್ಟೈತೇನ ನಿನಗ? ನನ್ನ ಜೀವ ಹೊಂಟೈತಿ ಇಲ್ಲೆ, ನೀ ಕಳ್ಳರು ಸುಳ್ಳರು ಅಂತ ಕುಂತೀ!"

"ಹಾಂ, ಈ ಸಿಟ್ಟು ನಮ್ಮ ಮನೀದ ಐತಿ" ಎಂದಳು ನೆಮ್ಮದಿಯಿಂದ. "ಆದ್ರ ಆ ಮೆಸೇಜೆಲ್ಲಾ ಅಳಿಸಿಬಿಟ್ಟೆನವಾ. ಕಳ್ಳರ ಕೈಗೆ ನಿನ್ನ ದನಿ ಸಿಗಬಾರದಂತ ಈಗಷ್ಟ ಮೊಮ್ಮಗಳ ಕಡೆಯಿಂದ ಅಳಿಸಿಸಿದೆ."

ಅತ್ತುಬಿಟ್ಟೆ. ಪಕ್ಕದ ಕೋಣೆಯವಳ ಎದುರಿಗೇ ಅತ್ತೆ. ಅವಳು ಫೋನನ್ನು ವಾಪಸು ಕೇಳಲಿಲ್ಲ, "ಸಭೆಗೆ ನಾನೂ ಬರ್ತೇನೆ. ಹೊರಗೆ ಕೂತಿರ್ತೇನೆ" ಅಂದಳು. ಇವಳಿಗೇನು ಲಾಭ ಎಂದು ಆ ಅಳುವಿನ ನಡುವೆಯೂ ನನ್ನ ತಲೆ ಲೆಕ್ಕ ಹಾಕಿತು, ನೋಡಿ.

ಸಭೆಯಲ್ಲಿ ಮೂವರಿದ್ದರು. ಅಧ್ಯಾಪಕಿ, ವಯಸ್ಸಾದ ಇನ್ನೊಬ್ಬ ಅಧ್ಯಾಪಕರು, ಟಿಪ್ಪಣಿ ಬರೆದುಕೊಳ್ಳುವ ಒಬ್ಬಾಕೆ. ಎಲ್ಲರೂ ನಗುತ್ತಲೇ ಮಾತಾಡಿದರು. ಆ ನಗುವಿಗಿಂತ ಬೈದಿದ್ದರೆ ವಾಸಿ. ಕುಡಿಯಲು ನೀರು ಬೇಕೇ ಎಂದು ಕೇಳಿದ ಅಧ್ಯಾಪಕಿ ಕರಪತ್ರದ ಒಂದು ಸಾಲಿನ ಮೇಲೆ ಬೆರಳಿಟ್ಟರು.

ಅಂಗಾಲು ಬಗ್ಗಿ ನೋಡಲು ಆಗದವರು ಕನ್ನಡಿಯನ್ನು ನೆಲದ ಮೇಲಿಟ್ಟು ನೋಡಿಕೊಳ್ಳಬಹುದು ಎಂದು ಪುಸ್ತಕಗಳಲ್ಲಿದೆ. ನನ್ನ ಕರಪತ್ರದಲ್ಲಿ, ಮುಖ ನೋಡುವ ಕನ್ನಡಿ ಬೇಡ, ಕಾಲಿಗೆಂದೇ ಬೇರೆ ಸಣ್ಣ ಕನ್ನಡಿ ಇಟ್ಟುಕೊಳ್ಳಿ ಎಂದಿತ್ತು.

"ಇದು ನಾವು ಕೊಟ್ಟ ಯಾವ ಪುಸ್ತಕದಲ್ಲೂ ಇಲ್ಲ. ಎಲ್ಲಿಂದ ಬಂತು?" ಎಂದರು.

"ಬೈಗುಳದಿಂದ" ಎಂದೆ. ಬಾಯಿ ತಪ್ಪಿ ಬಂದದ್ದು. ಇನ್ನು ಹಿಂದೆ ಸರಿಯುವಂತಿರಲಿಲ್ಲ. "ನಮ್ಮ ದೊಡ್ಡಮ್ಮನಿಗೆ ಕನ್ನಡಿ ಎಂದರೆ ಲಕ್ಷ್ಮಿ. ಕುಂಕುಮ ಇಟ್ಟುಕೊಳ್ಳುವ ಕನ್ನಡಿಗೆ ಕಾಲು ತೋರಿಸು ಅಂತೀಯಾ, ನಾಚಿಕೆ ಇಲ್ಲವೇ ಎಂದು ನನ್ನನ್ನು ಉಗಿದಳು. ಕನ್ನಡಿ ಇಡು ಎಂದಷ್ಟೇ ಬರೆದಿದ್ದರೆ ಅಂಥವರು ಕರಪತ್ರ ಮಡಿಸಿ ಡಬ್ಬಿಯ ಕೆಳಗೆ ಹಾಸುತ್ತಿದ್ದರು. ಅದಕ್ಕೇ ಬೇರೆ ಕನ್ನಡಿ. ಈಗ ಅವಳದು ಮಂಚದ ಕೆಳಗಿದೆ. ದಿನಾ ನೋಡುತ್ತಾಳೆ."

ವಯಸ್ಸಾದ ಅಧ್ಯಾಪಕರು ತಮಗೂ ಸಕ್ಕರೆ ಕಾಯಿಲೆ ಇದೆ ಎಂದರು. "ಹಾಗಾದರೆ ಅಂಗಾಲು ನೋಡಿಕೊಳ್ಳುತ್ತೀರಾ?" ಎಂದು ಕೇಳಿಯೇಬಿಟ್ಟೆ. ಮಾತಿನಲ್ಲಿ ದೊಡ್ಡವ್ವನಿಗೆ ಕೇಳುವ ಗದರಿಕೆಯೇ ಇತ್ತು. ಅವರು ಕುರ್ಚಿಯ ಕೆಳಗೆ ಕಾಲು ಎಳೆದುಕೊಂಡರು. "ಇಲ್ಲ" ಎಂದರು. "ನೋಡಿಕೊಳ್ಳಬೇಕು" ಎಂದೂ ಸೇರಿಸಿದರು. ಅಧ್ಯಾಪಕಿ ಕರಪತ್ರವನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು, ಈ ಸಲ ನನ್ನ ಮುಖವನ್ನು ಆಗಾಗ ನೋಡುತ್ತಾ. ಸಂಜೆಯೊಳಗೆ ಈಮೇಲ್ ಬಂತು. ಎರಡೂ ಬರಹ ನನ್ನವೇ ಎಂದು ಒಪ್ಪಿದ್ದರು. ಪಕ್ಕದ ಕೋಣೆಯವಳು ನನ್ನನ್ನು ತಬ್ಬಿಕೊಂಡು ಕುಣಿದಳು. ಅಧ್ಯಾಪಕಿಗೆ ಅವಳು ಹೇಳಿರಲಿಕ್ಕಿಲ್ಲ. ಪೂರ್ತಿ ಖಾತ್ರಿ ಇವತ್ತಿಗೂ ಇಲ್ಲ.

ಹೊಸ ಫೋನಿನಿಂದ ದೊಡ್ಡವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿ ನನ್ನ ಮುಖ ನೋಡಿದಳು.

"ಮಾರಿನೂ ಕದೀತಾರಂತ ಈಗ. ನನ್ನ ಕಾಲಿನ ಕನ್ನಡಿ ಎಲ್ಲೈತಿ, ಹೇಳು ನೋಡೂಣು."

"ಮಂಚದ ಕೆಳಗ. ಏನ್ ದೊಡ್ಡವ್ವ, ನಿಂದೂ ವಿಚಾರಣೆನಾ? ಅಲ್ಲಿ ಪಾಸಾಗಿ ಬಂದೆ, ಗೊತ್ತಾ? ಎಷ್ಟು ಖುಷಿಯಾಗ್ತಿದೆ ನಂಗೆ!" ಎಂದು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ.

ಅವಳು ಕೊನೆಯವರೆಗೂ ಕೇಳಿದಳು. ನಗಲಿಲ್ಲ.

"ನೀನ ಅದೀ, ಒಪ್ಪಿದೆ" ಎಂದಳು. "ಆದ್ರ ಮಾತಿನ ನಡುನಡುವ ಬ್ಯಾರೆ ಯಾರೋ ಬಂದು ಹೋಗ್ತಾರವಾ. ಅಕೀನ್ನ ನಾ ಬೆಳೆಸಿಲ್ಲ."