ಹಿಮಕ್ಕೆ ಮೆತ್ತನೆ ಬೂಟೇ ಹಾಕುತ್ತೇನೆ, ಏನೀಗ?

ಹೋದ ತಿಂಗಳು ನನ್ನ ಹೆಂಡತಿ ನನ್ನ ಹೊಸ ಬೂಟನ್ನು ಮನೆಯಿಂದ ಹೊರಗೆ ಹಾಕಿದಳು. ನನ್ನ ಕಾಲು ಇನ್ನೂ ಅದರೊಳಗೇ ಇತ್ತು.

ಆದದ್ದು ಇಷ್ಟು. ಹೊಸ ಬೂಟು ಕಾಲಿಗೆ ಒಗ್ಗಬೇಕಾದರೆ ದಿನಾ ಸ್ವಲ್ಪ ಹೊತ್ತು ಹಾಕಿಕೊಂಡು ಓಡಾಡಬೇಕು. ನಾನು ನಾಸಿಕ್ ರೋಡಿನ ನಮ್ಮ ಮನೆಯಲ್ಲಿ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಧಪ್ ಧಪ್ ಎಂದು ತಿರುಗುತ್ತಿದ್ದೆ. ಶಿವಲೀಲಾ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದವಳು ನನ್ನ ಕಾಲು ನೋಡಿದಳು.

"ಏನ್ರೀ ಇದು? ಲಿಂಗಪೂಜಿ ಆಗೂ ಮನಿ ಇದು, ಎಸ್ಟಿ ಬಸ್ ಸ್ಟ್ಯಾಂಡ್ ಅಲ್ಲ!"

"ಹೊಸಾದ್ ಅದ. ಇನ್ನಾ ನೆಲಕ್ಕ ತಾಗೇ ಇಲ್ಲ."

"ಹಂಗಾದ್ರ ಈಗ ನಿಂತದ್ದು ಆಕಾಶದಾಗೇನು?"

ನಾನು ಹೊಸ್ತಿಲು ದಾಟಿ ಹೊರಗೆ ನಿಂತೆ. ಎದುರು ಮನೆಯ ಕಾಕಾ ಹಾಲಿನ ಪಾಕೀಟು ಹಿಡಿದು ಮೆಟ್ಟಿಲು ಹತ್ತುತ್ತಿದ್ದವರು ನಿಂತರು. ಬೂಟು ನೋಡಿದರು, ನನ್ನ ಮುಖ ನೋಡಿದರು. "ಕಾಯ್ ಶರಣಪ್ಪಾ, ಚಂದ್ರಾವರ್ ಚಾಲ್ಲಾಸ್ ಕಾ?" ಎಂದರು. ಚಂದ್ರನ ಮೇಲೆ ಹೊರಟೆಯಾ ಎಂದು!

ಚಂದ್ರನ ಮೇಲಲ್ಲ ಕಾಕಾ, ಹಿಮಾಚಲಕ್ಕೆ.

ನನ್ನ ಅಂಕಣ ಓದುವವರಿಗೆ ಗೊತ್ತು, ನಾನು ತಾಡಪತ್ರಿ, ಅಂದರೆ ಟಾರ್ಪಾಲು, ಹೊಲಿಯುವವನು. ಲಾರಿಗೆ, ಟೆಂಪೊಗೆ, ದ್ರಾಕ್ಷಿ ತೋಟಕ್ಕೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಆಳಂದದಿಂದ ಇಲ್ಲಿಗೆ ಬಂದವನು. ಸಂಭಾಜಿನಗರದ ಒಂದು ಪರ್ವತಾರೋಹಣ ತಂಡ ಟೆಂಟು ರಿಪೇರಿಗೆ ನನ್ನ ಕಾರ್ಖಾನೆಗೆ ಬಂತು. ಟೆಂಟಿನ ಹಿಂದೆ ನಾನೂ ಹೋದೆ. ಹಿಮ ನೋಡಿದೆ. ಹಲಗೆಯ ಮೇಲೆ ನಿಂತು ಜಾರಿದೆ, ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಮೂರು ಚಳಿಗಾಲ ಹೀಗೆ ಬಿದ್ದ ಮೇಲೆ ಬೀಳುವುದು ಕಡಿಮೆಯಾಯಿತು.

ಆ ಹಲಗೆಗೆ ಸ್ನೋಬೋರ್ಡ್ ಅನ್ನುತ್ತಾರೆ. ಅದನ್ನೇ ಉದ್ದಕ್ಕೆ ಎರಡು ಸೀಳು ಮಾಡಿದರೆ ಸ್ಪ್ಲಿಟ್‌ಬೋರ್ಡ್. ಹತ್ತುವಾಗ ಒಂದೊಂದು ಕಾಲಿಗೆ ಒಂದೊಂದು ಸೀಳು, ಅಡಿಗೆ ಜಾರದಂತೆ ರೋಮದ ಪಟ್ಟಿ. ಮೇಲೆ ಹೋದ ಮೇಲೆ ಎರಡನ್ನೂ ಜೋಡಿಸಿ ಒಂದೇ ಹಲಗೆ ಮಾಡಿಕೊಂಡು ಇಳಿಯುವುದು. (ಹೇಳುವುದು ಸುಲಭ. ಇಳಿಯುವಾಗ ನಮ್ಮ ಆಳಂದದ ದೇವರೆಲ್ಲ ನೆನಪಾಗುತ್ತಾರೆ.)

ಈ ಸಲ ದೊಡ್ಡ ಎತ್ತರ. ತಂಡದ ಲೀಡರ್ ಪ್ರಹ್ಲಾದರಾವ್. ಧಾರವಾಡದವರು, ಬ್ಯಾಂಕಿನ ಅಧಿಕಾರಿ, ವರ್ಗವಾಗಿ ಸಂಭಾಜಿನಗರಕ್ಕೆ ಬಂದವರು. ಹಿಮದಲ್ಲಿ ಅವರ ಅನುಭವ ನನಗಿಂತ ಬಹಳ. ಅದನ್ನು ನಾನು ಎಲ್ಲಿ ಬೇಕಾದರೂ ಒಪ್ಪುತ್ತೇನೆ. ಆದರೆ ಅವರು ಹಾಕಿದ ಶರತ್ತು ಒಪ್ಪಲಿಲ್ಲ.

"ಶರಣಪ್ಪನವರ, ಎಲ್ಲಾರೂ ಹಾರ್ಡ್ ಬೂಟ್. ನಿಮ್ಮದೊಂದ ಸಾಫ್ಟ್ ಬೂಟ್ ಅಂದ್ರ ಹೆಂಗ್ರಿ? ಹಾರ್ಡ್ ಬೂಟ್ ತರ್ರಿ, ಇಲ್ಲಾಂದ್ರ ಈ ವರ್ಷ ಮನ್ಯಾಗಿರ್ರಿ."

ಹಾರ್ಡ್ ಬೂಟು ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು. ಕಲ್ಲಿನಂಥ ಹಿಮದ ಮೇಲೆ ಅಡ್ಡಡ್ಡ ಹೋಗುವಾಗ ಅದರಷ್ಟು ಹಿಡಿತ ಬೇರೆ ಯಾವುದಕ್ಕೂ ಇಲ್ಲ. ಬೂಟಿನ ತಳಕ್ಕೆ ಕಟ್ಟುವ ಉಕ್ಕಿನ ಮುಳ್ಳು, ಅದೇ ಕ್ರಾಂಪಾನ್, ಅದಕ್ಕೆ ಟಕ್ಕನೆ ಕೂಡುತ್ತದೆ. ಎಲ್ಲ ನಿಜ.

ನನ್ನ ಕಾಲೂ ನಿಜವಲ್ಲವೇ?

ತಾಡಪತ್ರಿ ಕೆಲಸದಲ್ಲಿ ಚಪ್ಪಲಿ ಹಾಕುವ ಹಾಗಿಲ್ಲ. ಬಟ್ಟೆ ನೆಲದ ತುಂಬ ಹಾಸಿರುತ್ತದೆ, ಅದರ ಮೇಲೆಯೇ ಬರಿಗಾಲಲ್ಲಿ ಓಡಾಡಿ ಅಳೆಯಬೇಕು, ಕತ್ತರಿಸಬೇಕು, ಕಾಲ್ಬೆರಳಿಂದ ಒತ್ತಿ ಹಿಡಿದು ಮುಂದಿನದನ್ನು ಎಳೆಯಬೇಕು. ಹೀಗೆ ಜೀವನವಿಡೀ ಮಾಡಿದವನ ಪಾದ ಮುಂದೆ ಅಗಲವಾಗಿ ಬೀಸಣಿಗೆ ಬಿಚ್ಚಿದಂತಾಗುತ್ತದೆ. ಹೋದ ವರ್ಷ ಪ್ರಹ್ಲಾದರಾಯರ ಮಾತು ಕೇಳಿ ಬಾಡಿಗೆಯ ಹಾರ್ಡ್ ಬೂಟು ಹಾಕಿದ್ದೆ. ಕಿರುಬೆರಳು ಚಿಪ್ಪಿಗೆ ಒತ್ತಿ ರಕ್ತವೇ ಹರಿಯಲಿಲ್ಲ. ಮೊದಲು ಉರಿ, ಆಮೇಲೆ ಜುಮ್, ಆಮೇಲೆ ಏನೂ ಇಲ್ಲ. ಆ 'ಏನೂ ಇಲ್ಲ' ಅನ್ನುವುದಿದೆಯಲ್ಲ, ಅದು ನನ್ನನ್ನು ಹೆದರಿಸಿತು. ಎರಡು ಉಗುರು ಹೋದವು. ಬೆರಳು ಉಳಿದದ್ದೇ ಪುಣ್ಯ.

ಆದ್ದರಿಂದ ಸಾಫ್ಟ್ ಬೂಟು. ಸ್ಪ್ಲಿಟ್‌ಬೋರ್ಡಿಗೆಂದೇ ಮಾಡಿದ್ದು ಸಿಗುತ್ತದೆ. ಮೆತ್ತಗೆ ಅಂದರೆ ಹತ್ತಿಯ ಗಾದಿಯಲ್ಲ, ಬದಿಯಲ್ಲಿ ಬಿಗಿ ಇರಬೇಕು. ಹತ್ತುವಾಗ ಹಿಂಬದಿ ಸಡಿಲಿಸುವ ವ್ಯವಸ್ಥೆ ಬೇಕು. ಕ್ರಾಂಪಾನ್ ಕೂಡಲು ಹಿಮ್ಮಡಿಯಲ್ಲಿ ಅಂಚು ಬೇಕು. ಒಳಬೂಟು ಹೊರಗೆ ತೆಗೆಯಲು ಬರಬೇಕು. ಬಿಗಿಯಲು ತಿರುಗಿಸುವ ಗುಂಡಿ, ಒಳಗೆ ತಂತಿ, ಅಂಥದ್ದು ಈಗ ಫ್ಯಾಶನ್. ನನಗೆ ಬೇಡ. ಆ ತಂತಿ ಚಳಿಯಲ್ಲಿ ಹರಿದರೆ ಯಾರ ಅಂಗಡಿಗೆ ಹೋಗಲಿ? ಲೇಸು ಹರಿದರೆ ಗಂಟು ಹಾಕುತ್ತೇನೆ. ಗಂಟು ಹಾಕುವುದು ನನ್ನ ಕಸುಬು.

ಇಷ್ಟೆಲ್ಲ ವಿಚಾರ ಮಾಡಿದವನು ಎಲ್ಲಿ ಎಡವಿದೆ ಗೊತ್ತೇ? ನಂಬರಿನಲ್ಲಿ!

ಆನ್‌ಲೈನ್‌ನಲ್ಲಿ ತರಿಸುವಾಗ ಮಗಳು ಸ್ಫೂರ್ತಿ ಮೊಬೈಲ್ ಹಿಡಿದು ಎಷ್ಟು ನಂಬರ್ ಹಾಕಲಿ ಎಂದು ಮರಾಠಿಯಲ್ಲಿ ಕೇಳಿದಳು. "ಅಪ್ಪಾ, ಸೈಜ್ ಕಾಯ್ ಟಾಕೂ?"

"ಒಂದ್ ನಂಬರ್ ಜಾಸ್ತಿ ಹಾಕವ್ವ."

"ಜಾಸ್ತಿ ಕಶಾಲಾ?"

ಜಾಸ್ತಿ ಯಾಕೆ ಅಂದರೆ, ನಮ್ಮ ಮನೆತನದಲ್ಲಿ ಸರಿಯಾದ ನಂಬರಿನ ಚಪ್ಪಲಿ ಯಾರೂ ಕೊಂಡಿಲ್ಲ. ಸಣ್ಣವನಿದ್ದಾಗ "ಕಾಲು ಬೆಳಿತಾವ" ಎಂದು ಅಪ್ಪ ದೊಡ್ಡದು ಕೊಡಿಸಿದರು. ಕಾಲು ಬೆಳೆಯುವುದು ನಿಂತ ಮೇಲೂ ನಾನು ದೊಡ್ಡದೇ ಕೊಳ್ಳುತ್ತಾ ಬಂದೆ. ತಾಡಪತ್ರಿಯಲ್ಲೂ ಹಾಗೆಯೇ. ಮಡಚಲು ಒಂದು ಗೇಣು ಹೆಚ್ಚಿಗೆ ಬಿಟ್ಟೇ ಕತ್ತರಿಸುತ್ತೇವೆ. ಮೇಲೆ ಚಳಿ, ಎರಡು ಜೊತೆ ಸಾಕ್ಸ್ ಹಿಡಿಯಬೇಕು, ಇದು ನನ್ನ ಲೆಕ್ಕ.

ಖುಲ್ತಾಬಾದ್ ಹತ್ತಿರದ ಗುಡ್ಡದಲ್ಲಿ ತಂಡದ ಪ್ರಾಕ್ಟೀಸ್ ಇತ್ತು. ಬೆನ್ನಿಗೆ ಭಾರ, ಒಣ ಹುಲ್ಲಿನ ಇಳಿಜಾರು, ಅಡ್ಡಡ್ಡ ನಡಿಗೆ. ನನ್ನ ಹಿಮ್ಮಡಿ ಬೂಟಿನೊಳಗೆ ಬಾವಿಯ ಕೊಡದಂತೆ ಮೇಲೆ ಕೆಳಗೆ ಆಡತೊಡಗಿತು. ಅರ್ಧ ಗುಡ್ಡಕ್ಕೆ ಬೊಬ್ಬೆ ಎದ್ದಿತು, ಕೆಳಗಿಳಿಯುವಷ್ಟರಲ್ಲಿ ಒಡೆಯಿತು. ಹಿಮ್ಮಡಿ ಹೀಗೆ ಆಡಿದರೆ ಹಲಗೆ ತಿರುಗುವುದಿಲ್ಲ, ಹಲಗೆ ತಿರುಗದಿದ್ದರೆ ಮನುಷ್ಯ ಕೊಳ್ಳದಲ್ಲಿ.

ಪ್ರಹ್ಲಾದರಾಯರು ನನ್ನ ರಕ್ತದ ಸಾಕ್ಸ್ ನೋಡಿದರು. "ನಾ ಹೇಳಿದ್ದಿಲ್ಲೇನ್ರಿ? ಹಟ ಮಾಡಿದ್ರಿ. ಈಗರೆ ಹಾರ್ಡ್ ಬೂಟ್ ತರ್ತೀರೋ?"

"ತಪ್ಪು ನಂಬರಿಂದು ಸರ್, ಬೂಟಿಂದಲ್ಲ. ಒಂದು ನಂಬರ್ ಇಳಸ್ತೀನಿ. ಇನ್ನೊಂದು ಸಲ ನೋಡ್ರಿ."

"ಇನ್ನೊಂದ ಸಲ ಅಂದ್ರ ಒಂದ ಸಲ. ಹಿಮ್ಮಡಿ ಎದ್ದರ ನಿಮ್ಮ ಜಾಗಾ ಬ್ಯಾರೇದವರಿಗೆ."

ಹೀಗೆ ವಾಪಸು ಕೊಟ್ಟು ಬದಲಿಸಿ ತಂದ ಬೂಟೇ ಅಂದು ಹೊಸ್ತಿಲ ಹೊರಗೆ ಬಿದ್ದದ್ದು. ಇದು ಬಿಗಿ. ಒಂದೇ ಜೊತೆ ಸಾಕ್ಸ್. ಬೆರಳು ತುದಿಗೆ ತಾಗಿಯೂ ತಾಗದಂತೆ ಇರುತ್ತವೆ, ಅಲುಗಾಡಿಸಲು ಬರುತ್ತದೆ. ಆದರೆ ಒಗ್ಗಿಸಿಕೊಳ್ಳುವುದು ಎಲ್ಲಿ?

ಬಾಗಿಲಲ್ಲೇ ಪಂಚಾಯ್ತಿ ನಡೆಯಿತು. ನಾನು ಒಳಬೂಟು ಎಳೆದು ತೆಗೆದು ತೋರಿಸಿದೆ. "ಇದು ನೋಡು, ಚರ್ಮ ಇಲ್ಲ, ಏನಿಲ್ಲ. ದಪ್ಪನ ಕಾಲುಚೀಲ ಇದ್ದಂಗ."

ಶಿವಲೀಲಾ ಮುಟ್ಟಿ ನೋಡಿದಳು, ಮೂಸಿಯೂ ನೋಡಿದಳು. "ಹಂಗಾದ್ರ ಒಳಗಿಂದು ಒಳಗ ಬರ್ಲಿ. ಹೊರಗಿಂದು ಹೊರಗ. ಎರಡೂ ಕೂಡಿಸಿ ಹಾಕೋದಿದ್ರ ಮೆಟ್ಟಲಾ ಅದಾವಲ್ಲ, ಹತ್ರಿ ಇಳೀರಿ. ಗುಡ್ಡಾ ಹತ್ತಾವ್ರಿಗಿ ಮೆಟ್ಟಲದ್ದೇನ್ ನಾಚಿಕಿ?"

ನನಗೆ ನಗು ಬಂತು. ಎತ್ತರದ ಕ್ಯಾಂಪಿನ ನಿಯಮವೂ ಇದೇ ಅಲ್ಲವೇ! ಹಿಮ ಮೆತ್ತಿದ ಹೊರಬೂಟು ಟೆಂಟಿನ ಬಾಗಿಲಲ್ಲಿ ಚೀಲದೊಳಗೆ, ಬಾಯಿ ಅಗಲ ಬಿಚ್ಚಿಟ್ಟು. (ಬಿಚ್ಚದಿದ್ದರೆ ಬೆಳಿಗ್ಗೆ ಮರದಂತೆ ಸೆಟೆದು ಕಾಲೇ ಹೋಗುವುದಿಲ್ಲ.) ಒಳಬೂಟು ನಮ್ಮ ಜೊತೆ ಮಲಗುವ ಚೀಲದಲ್ಲಿ, ಮೈಶಾಖದಲ್ಲಿ ಒಣಗುತ್ತದೆ. ಹಿಮವನ್ನು ಫೋಟೊದಲ್ಲಷ್ಟೇ ಕಂಡವಳು ಹೊಸ್ತಿಲಲ್ಲಿ ನಿಂತು ಅದೇ ಕಾಯಿದೆ ಹೇಳಿದಳು.

ಅಂದಿನಿಂದ ಸಂಜೆ ನಮ್ಮ ಬಿಲ್ಡಿಂಗಿನ ಮೆಟ್ಟಿಲೇ ನನ್ನ ಹಿಮಾಲಯ. ಬಿಸಿಲಿನ ಧಗೆಗೆ ಬೆವರು ಬೂಟಿನೊಳಗೇ ಇಳಿಯುತ್ತಿತ್ತು. ಕಾಕಾ ದಿನಾ ಚಂದ್ರನ ಸುದ್ದಿ ಕೇಳಿದರು. ಕೇಳಲಿ. ಇದು ನಿನ್ನಂಥವನ ಆಟವೇ ಎಂದು ಬಾಯಿಬಿಟ್ಟು ಕೇಳಿದವರೂ ಇದ್ದಾರೆ. ನನ್ನಂಥವನು ಅಂದರೆ ಎಂಥವನು? ಗುಡ್ಡ ಹತ್ತುವಾಗ ಯಾರಾದರೂ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆಯೇ? ದುಡಿದಿದ್ದೇನೆ, ಬಿದ್ದು ಕಲಿತಿದ್ದೇನೆ. ಇನ್ಯಾವ ಪರವಾನಗಿ ಬೇಕು?

ಮೊನ್ನೆ ಭಾನುವಾರ ತ್ರ್ಯಂಬಕೇಶ್ವರದ ಹತ್ತಿರದ ಗುಡ್ಡದಲ್ಲಿ ಪರೀಕ್ಷೆ. ಪ್ರಹ್ಲಾದರಾಯರು ಮಣ್ಣಿನ ಕಡಿದಾದ ಇಳಿಜಾರು ಹುಡುಕಿ ಕ್ರಾಂಪಾನ್ ಕಟ್ಟಿಸಿದರು. ನೇರ ಹತ್ತಿಸಿದರು, ಅಡ್ಡ ನಡೆಸಿದರು. ಎಡಗಾಲಿನ ಕ್ರಾಂಪಾನ್ ಪಟ್ಟಿ ಒಮ್ಮೆ ಸಡಿಲಾಯಿತು, ಸುಳ್ಳು ಹೇಳುವುದಿಲ್ಲ. ನಿಂತು ಬಿಗಿದೆ. ಆಮೇಲೆ ಕದಲಲಿಲ್ಲ. ಕೆಳಗೆ ಬಂದಾಗ ಸಾಕ್ಸ್ ತೆಗೆಸಿ ಹಿಮ್ಮಡಿ ನೋಡಿದರು. ಹಳೆಯ ಗಾಯದ ಕಲೆ ಬಿಟ್ಟರೆ ಏನಿಲ್ಲ.

"ಹಿಮ್ಮಡಿ ಏಳಲಿಲ್ಲ, ಒಪ್ಪಿದೆ. ಆದ್ರ ಗಟ್ಟಿ ಹಿಮದ ಮ್ಯಾಲೆ ಅಡ್ಡ ಹೋಗೋವಾಗ ನಿಮ್ಮ ಕಾಲು ಅಳತಾವು ನೋಡ್ರಿ."

"ಅಳ್ಳಿ ಬಿಡ್ರಿ ಸರ್. ಅಳೂ ಕಾಲು ಜೀವಂತ ಇರ್ತದ. ಹೋದ ವರ್ಷ ನೀವು ಹಾಕ್ಸಿದ ಬೂಟಿನಾಗ ಅಳಾಕೂ ಆಗಿದ್ದಿಲ್ಲ ಅವಕ್ಕ."

ಅವರು ಬೂಟನ್ನು ನನ್ನತ್ತ ಸರಿಸಿದರು. "ಬರ್ರಿ ಹಂಗಾದ್ರ. ಆದ್ರ ಬೆರಳು ಜುಮ್ ಅಂದ್ರ ಮುಚ್ಚಿಡಬ್ಯಾಡ್ರಿ, ಆ ಕ್ಷಣಾ ತಿರುಗಿ ಬರೂದು. ಇಡೀ ಟೀಮಿಗೆ ಸಾಫ್ಟ್ ಬೂಟು ನೀವೊಬ್ಬರ, ನೆನಪಿರ್ಲಿ."

ನೆನಪಿದೆ. ಒಬ್ಬನೇ ಇರುವುದು ನನಗೆ ಹೊಸದಲ್ಲ.

ಯಾವ ಬೂಟು ಹಾಕಬೇಕು ಎಂದು ಹೇಳಲು ಊರೆಲ್ಲ ಇದೆ, ಬೆರಳು ಮರಗಟ್ಟುವಾಗ ಆ ಬೂಟಿನೊಳಗೆ ನನ್ನ ಜೊತೆ ಯಾರಿರುತ್ತಾರೆ?