ಕೆಂಭಾವಿಗೆ ಹೋಗದ ಭಾನುವಾರಗಳು

ಸುರಪುರದಿಂದ ಬೀದರಿನವರೆಗೆ ಸೈಕಲ್ ಮೇಲೆ ಹೋಗುವುದೆಂದು ನಾವು ಏಳು ಜನ ತೀರ್ಮಾನಿಸಿದಾಗ ನನಗೆ ನಲವತ್ತಾರು ವರ್ಷ. ತಾಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಮನೆ ರಂಗಂಪೇಟೆಯಲ್ಲಿ, ಗಂಡನ ಕಿರಾಣಿ ಅಂಗಡಿಯೂ ಅಲ್ಲೇ. ಸುದ್ದಿ ಹೇಳಿದಾಗ ಅವರು ಯಾರಿಗೋ ಶೇಂಗಾ ತೂಗುತ್ತಿದ್ದರು. ತಕ್ಕಡಿಯಿಂದ ಕಣ್ಣು ತೆಗೆಯದೆ ಕೇಳಿದರು:

"ಬೀದರಿಗಿ ಬಸ್ ಅವಲ್ಲ?"

"ಅವ. ಬಸ್ಸಿನಾಗ ಹೋದ್ರ ನಮ್ಮನ್ನ ಯಾರು ನಿಲ್ಲಿಸಿ ಮಾತಾಡಸ್ತಾರ?"

"ಈ ವಯಸ್ಸಿನಾಗ ಸೈಕಲ್ ಮ್ಯಾಲ ಹೋದ್ರ ನಿಲ್ಲಿಸಿ ಸೀದಾ ದವಾಖಾನಿಗಿ ಒಯ್ತಾರ."

ಶೇಂಗಾ ಕೊಳ್ಳಲು ಬಂದವನೂ ನಕ್ಕ. ನಾನೂ ನಕ್ಕೆ. ಬೇಡ ಎಂದು ಮಾತ್ರ ಅವರು ಹೇಳಲಿಲ್ಲ.

ನಮ್ಮ ಗುಂಪಿಗೆ ಹೆಸರಿರಲಿಲ್ಲ. ಹೈಸ್ಕೂಲಿನ ಚಿತ್ರಕಲಾ ಮಾಸ್ತರೊಬ್ಬರು ಶುರು ಮಾಡಿದ್ದು. ಆ ಹೊತ್ತಿಗೆ ನಮ್ಮ ಕಡೆ ಕಾಲುವೆ ನೀರು ಬಂದು ಬಹಳ ವರ್ಷಗಳಾಗಿದ್ದವು. ಭತ್ತದ ಗದ್ದೆಯಲ್ಲಿ, ಹತ್ತಿ ಹೊಲದಲ್ಲಿ ಕೂಲಿಗೆ ಕೊರತೆ ಇರಲಿಲ್ಲ. ಹತ್ತನೇ ತರಗತಿ ಮುಗಿಸಿದ ಮಕ್ಕಳು ಮೆಲ್ಲಗೆ ಆ ಕಡೆ ಸರಿದುಬಿಡುತ್ತಿದ್ದರು. ಮಕ್ಕಳು ಓದಬಾರದೆಂದು ತಾಯಿ ತಂದೆಗೇನೂ ಇರಲಿಲ್ಲ. ಮುಂದೆ ಏನು ಓದಬೇಕು, ಅರ್ಜಿ ಎಲ್ಲಿ ಸಿಗುತ್ತದೆ, ಹೆದರಿಕೆಯಾದರೆ ಯಾರ ಮುಂದೆ ಹೇಳಬೇಕು ಎಂಬುದನ್ನು ತಿಳಿಸಲು ಆ ಮನೆಗಳಲ್ಲಿ ಜನರಿರಲಿಲ್ಲ. ಅದಕ್ಕೇ ನಾವು ಒಬ್ಬೊಬ್ಬರು ಒಂದೊಂದು ಮಗುವನ್ನು ವಹಿಸಿಕೊಂಡಿದ್ದೆವು. ಪ್ರತಿ ಭಾನುವಾರ ಹೋಗಿ ಆ ಮಗುವಿನ ಜೊತೆ ಒಂದೆರಡು ತಾಸು ಕೂಡುವುದು, ಅಷ್ಟೇ ಕೆಲಸ. ಇಂಥ ಜನ ಇನ್ನೂ ಬೇಕಾಗಿದ್ದರು. ದಾರಿಯ ಊರುಗಳಲ್ಲಿ ನಿಂತು ಜನರನ್ನು ಕೇಳೋಣ, ರೊಕ್ಕ ಬೇಡ, ವಾರಕ್ಕೊಂದು ದಿನ ಕೊಡಿ ಅನ್ನೋಣ ಎಂದು ಮಾಸ್ತರು ಹೇಳಿದಾಗ ಎಲ್ಲರಿಗೂ ಹುರುಪು ಬಂತು. ಮಳೆಗಾಲ ಮುಗಿದ ಕೂಡಲೇ ಹೊರಡುವುದೆಂದಾಯಿತು.

ನನ್ನ ಪಾಲಿಗೆ ಬಂದವಳು ಕೆಂಭಾವಿಯ ಹುಡುಗಿ. ತಂದೆ ಇರಲಿಲ್ಲ, ತಾಯಿ ಕೂಲಿಗೆ ಹೋಗುತ್ತಿದ್ದಳು. ಹುಡುಗಿ ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದು ಆಗಷ್ಟೇ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಳು. ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ. ಅವಳು ನಿಲ್ದಾಣಕ್ಕೆ ಬಂದು ಕಾಯುತ್ತಿದ್ದಳು.

ಸೈಕಲ್ ನನಗೆ ಹೊಸದಲ್ಲ. ಚಿಕ್ಕವಳಿದ್ದಾಗ ಅಪ್ಪನ ದೊಡ್ಡ ಸೈಕಲ್ಲಿನ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ತುಳಿದವಳು. ಆದರೆ ಅದಾಗಿ ಮೂವತ್ತು ವರ್ಷ ಕಳೆದಿತ್ತು. ಪರಿಚಯದವರ ಮಗಳ ಹಳೆಯ ಲೇಡೀಸ್ ಸೈಕಲ್ ಕೇಳಿ ತಂದೆ. ಸೈಕಲ್ ಅಂಗಡಿಯ ಚಾಚಾ ಅದನ್ನು ತಲೆಕೆಳಗು ನಿಲ್ಲಿಸಿ, ಚಕ್ರ ತಿರುಗಿಸಿ, ಕಿವಿಗೊಟ್ಟು ಕೇಳಿದರು.

"ಸೈಕಲ್ ಹೋಗ್ತದ್ರಿ ಬಾಯಿ. ನಿಮ್ಮ ಮೊಣಕಾಲ ಹ್ಯಾಂಗ ಅವ ಹೇಳ್ರಿ."

ಅವರೇ ಸೀಟು ಎತ್ತರ ಮಾಡಿಕೊಟ್ಟರು. ನೆಲಕ್ಕೆ ಕಾಲು ಎಟುಕುವುದಿಲ್ಲವೆಂದು ನಾನು ತಕರಾರು ತೆಗೆದರೆ, ಸೀಟು ತಗ್ಗಿದ್ದರೆ ದೂರದ ದಾರಿಯಲ್ಲಿ ಮೊಣಕಾಲು ಹೋಗುತ್ತದೆ, ಇಳಿಯುವಾಗ ಜಿಗಿಯಿರಿ ಎಂದರು. ಪಂಕ್ಚರ್ ತೆಗೆಯುವುದನ್ನು ನನ್ನ ಕೈಯಿಂದಲೇ ಮೂರು ಸಲ ಮಾಡಿಸಿದರು. ಸೀರೆ ಬಿಟ್ಟು ಚೂಡಿದಾರ ಹೊಲಿಸಿಕೊಂಡೆ. ಅದನ್ನು ಹಾಕಿಕೊಂಡು ಓಣಿ ದಾಟುವುದು ಮೊದಲ ವಾರ ಸೈಕಲ್ ತುಳಿಯುವುದಕ್ಕಿಂತ ಕಷ್ಟವಾಗಿತ್ತು.

ಎಲ್ಲರೂ ನೌಕರಿಯವರು, ಒಟ್ಟಿಗೆ ರೂಢಿ ಮಾಡಿಕೊಳ್ಳಲು ಭಾನುವಾರ ಬಿಟ್ಟರೆ ದಿನವಿರಲಿಲ್ಲ. ಬೆಳಿಗ್ಗೆ ಕಾಲುವೆಯ ದಂಡೆ ಹಿಡಿದು ಹೊರಡುತ್ತಿದ್ದೆವು. ಏರಿಲ್ಲ, ಇಳಿಜಾರಿಲ್ಲ, ಪಕ್ಕದಲ್ಲಿ ನಮ್ಮದೇ ವೇಗದಲ್ಲಿ ಹರಿಯುವ ಕೆಂಪು ನೀರು. ಮೂರನೇ ವಾರಕ್ಕೆ ಶಹಾಪುರ ಮುಟ್ಟಿ ಬಂದೆವು. ಐದನೇ ವಾರ ಭೀಮಾ ಸೇತುವೆ ದಾಟಿ ಯಾದಗಿರಿಗೇ ಹೋದೆವು. ವಾಪಸು ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಬಂದೆವು ನಿಜ, ಆದರೂ ಅವತ್ತು ನನಗೆ ನೆಲ ಕಾಣುತ್ತಿರಲಿಲ್ಲ. ಯಾತ್ರೆಯ ವೇಳೆ ಶಹಾಪುರದ ಸಭೆಯಲ್ಲಿ ಮಾತಾಡುವ ಕೆಲಸ ನನಗೆ ಬಂದಿತ್ತು. ಪೆಡಲ್ ತುಳಿಯುತ್ತ ಬಾಯಿಪಾಠ ಮಾಡುತ್ತಿದ್ದೆ: ಒಂದು ಮಗುವಿಗೆ ನಿಮ್ಮ ಒಂದು ಭಾನುವಾರ ಕೊಡಿ.

ಯಾದಗಿರಿಗೆ ಹೋಗಿ ಬಂದ ಮರುದಿನ, ಸೋಮವಾರ. ಕಚೇರಿಯಲ್ಲಿ ಆದಾಯ ಪ್ರಮಾಣಪತ್ರದ ಅರ್ಜಿ ನೋಡುತ್ತಿದ್ದೆ. ಕಿಟಕಿಯಾಚೆ ಕೆಂಭಾವಿಯ ಹುಡುಗಿಯ ತಾಯಿ ಅರ್ಜಿ ಹಿಡಿದು ನಿಂತಿದ್ದಳು. ಒಳಗೆ ಕರೆದು ಕೂರಿಸಿದೆ.

"ಮಗಳು ಹ್ಯಾಂಗ ಅದಾಳವ್ವ?"

"ಅದಾಳ್ರಿ ಅಕ್ಕಾರ. ನಾಟಿಗಿ ಹೊಂಟಾಳ್ರಿ ನನ್ನ ಜೋಡಿ."

"ಕಾಲೇಜು?"

"ಎರಡು ವಾರ ಆತ್ರಿ, ಹೋಗಂಗಿಲ್ಲ ಅಂತಾಳ. ನಾ ಏನ್ ಹೇಳಲಿ? ನನಗ ತಿಳಿಯಂಗಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು, ದೂರುವ ದನಿಯಿಲ್ಲದೆ ಅಂದಳು: "ನಿಮಗ ಆರಾಮ ಇಲ್ಲೇನೋ ಅಂತ ಮಾಡಿದ್ವಿ. ಐತವಾರ ಐತವಾರ ಬಸ್‌ಸ್ಟ್ಯಾಂಡಿಗಿ ಹೋಗಿ ನಿಂತು ಬರ್ತಿದ್ಲು. ನಿನ್ನಿ ಐತವಾರ ಹೋಗಲಿಲ್ಲ."

ಮೊದಲ ವಾರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ್ದೆ, ಮುಂದಿನ ವಾರ ಬರುತ್ತೇನೆಂದು. ಆಮೇಲೆ ಅದನ್ನೂ ಮಾಡಿರಲಿಲ್ಲ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಯಾತ್ರೆಯೂ ಅವಳಂಥವರಿಗಾಗಿಯೇ ಅಲ್ಲವೇ ಎಂದು ಸಮಾಧಾನ ಹೇಳಿಕೊಂಡಿದ್ದೆ. ಆ ದಿನ ತಾಯಿಯ ಅರ್ಜಿಯ ಮೇಲೆ ಬರೆಯುವಾಗ ತಾರೀಖು ಎರಡು ಸಲ ತಪ್ಪಿತು.

ಮುಂದಿನ ಭಾನುವಾರ ಕಾಲುವೆ ದಂಡೆಗೆ ಹೋಗಲಿಲ್ಲ. ಒಬ್ಬಳೇ ಕೆಂಭಾವಿಯ ದಾರಿ ಹಿಡಿದೆ. ಬಸ್ಸಿಗಾಗಿ ಕಾಯುವ ತಾಳ್ಮೆಯಿರಲಿಲ್ಲ, ಸೈಕಲ್ಲಿನಲ್ಲೇ ಹೋದೆ. ಹುಡುಗಿ ಊರಾಚೆಯ ಗದ್ದೆಯಲ್ಲಿದ್ದಳು. ಹೆಂಗಸರ ಸಾಲಿನಲ್ಲಿ ಬಗ್ಗಿ ಸಸಿ ನೆಡುತ್ತಿದ್ದವಳು ನನ್ನನ್ನು ನೋಡಿ, ಕೈಯಲ್ಲಿದ್ದ ಕಟ್ಟು ಮುಗಿಸಿಯೇ ಬದುವಿಗೆ ಬಂದಳು. ಮೊಣಕಾಲಿನವರೆಗೆ ಕೆಸರು.

"ತಪ್ಪಾತವ್ವ ನಂದು," ಅಂದೆ.

"ಬರಂಗಿಲ್ಲ ಅಂತ ಹೇಳಿದ್ರ ಸಾಕಿತ್ರಿ ಅಕ್ಕಾರ. ನಾ ನಿಂದರತಿದ್ದಿಲ್ಲ."

"ಕಾಲೇಜು ಯಾಕ ಬಿಟ್ಟಿ?"

"ಎಲ್ಲಾ ಇಂಗ್ಲಿಷಿನಾಗ ಹೇಳ್ತಾರ್ರಿ. ಫಿಜಿಕ್ಸ್ ಸರ್ ಎಬ್ಬಿಸಿ ಕೇಳಿದ್ರು, ಬರಲಿಲ್ಲ. ಎಲ್ಲಾರೂ ನಕ್ಕರು. ಸೈನ್ಸ್ ಬಿಟ್ಟು ಆರ್ಟ್ಸ್ ತಗೋಬೇಕೇನು ಅಂತ ನಿಮ್ಮನ್ನ ಕೇಳಬೇಕಾಗಿತ್ರಿ. ಕೇಳಾಕ ಯಾರಿದ್ರು?"

ನನಗೆ ಫಿಜಿಕ್ಸ್ ಬರುವುದಿಲ್ಲ, ಅದನ್ನೇ ಹೇಳಿದೆ. ಆದರೆ ನಾಳೆ ರಜೆ ಹಾಕಿ ಅವಳ ಜೊತೆ ಕಾಲೇಜಿಗೆ ಬರುತ್ತೇನೆ, ಇಬ್ಬರೂ ಹೋಗಿ ಕೇಳೋಣ ಎಂದೆ. ಅವಳು ನನ್ನ ಸೈಕಲ್ ಕಡೆ ನೋಡಿ, "ಇದರ ಮ್ಯಾಲ ಬಂದೀರೇನ್ರಿ?" ಎಂದು ಕೇಳಿದಳು. ಹೌದೆಂದೆ. ಅವಳು ಕೆಸರುಗೈ ದೂರ ಹಿಡಿದುಕೊಂಡು ಮೊದಲ ಸಲ ನಕ್ಕಳು.

ಮರುದಿನ ಹೋದೆವು. ಫಿಜಿಕ್ಸ್ ಮಾಸ್ತರು ಕೆಟ್ಟವರೇನಲ್ಲ. ಆ ಘಟನೆ ಅವರಿಗೆ ನೆನಪೂ ಇರಲಿಲ್ಲ. ಪಾಠ ಮುಗಿದ ಮೇಲೆ ಕನ್ನಡದಲ್ಲಿ ಮತ್ತೆ ಹೇಳಿಕೊಡಲು ಒಪ್ಪಿದರು. ಸೈನ್ಸ್ ಬಿಡುವುದಿಲ್ಲ ಎಂದು ಹುಡುಗಿಯೇ ನಿರ್ಧರಿಸಿದಳು.

ಆ ವಾರ ನಮ್ಮ ಗುಂಪಿನ ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಚಿತ್ರಕಲಾ ಮಾಸ್ತರು, ತಾವೇ ಬರೆದು ಗೋಡೆಗೆ ಅಂಟಿಸಿದ ಯಾತ್ರೆಯ ನಕ್ಷೆಯ ಕಡೆ ನೋಡುತ್ತ, "ನಾನೂ ಹೋಗಿಲ್ರಿ," ಎಂದರು. ಆಮೇಲೆ ಮತ್ತಿಬ್ಬರು ಅದನ್ನೇ ಹೇಳಿದರು. ಅವತ್ತೇ ನಿಶ್ಚಯವಾಯಿತು: ಭಾನುವಾರ ಯಾರೂ ಒಟ್ಟಿಗೆ ಹೊರಡುವಂತಿಲ್ಲ; ತಮ್ಮ ತಮ್ಮ ಮಗುವಿನ ಊರಿಗೆ ಸೈಕಲ್ಲಿನಲ್ಲೇ ಹೋಗಿ ಬರಬೇಕು, ರೂಢಿ ಅಷ್ಟೇ ಸಾಕು. ಯಾತ್ರೆಯನ್ನು ಸಂಕ್ರಾಂತಿಯ ನಂತರಕ್ಕೆ ಮುಂದೂಡಿದೆವು.

ಕೆಂಭಾವಿಯ ದಾರಿ ಕಾಲುವೆ ದಂಡೆಯಂತೆ ಸಪಾಟಲ್ಲ. ಕರಿಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಎರಡು ಸಲ ಇಳಿದು ಕಡ್ಡಿಯಿಂದ ಕೆರೆಯಬೇಕಾಯಿತು. ಒಮ್ಮೆ ಬಿದ್ದು ಮೊಣಕೈ ತರಚಿತು. ದೀಪಾವಳಿಯ ಹೊತ್ತಿಗೆ ಕಾಲುಗಳು ಗಟ್ಟಿಯಾಗಿದ್ದವು. ಗಂಡ ಪ್ರತಿ ಶನಿವಾರ ಸಂಜೆ ಹೇಳದೆಯೇ ಗಾಳಿ ತುಂಬಿಸಿಡುತ್ತಿದ್ದರು.

ಸಂಕ್ರಾಂತಿ ಕಳೆದು ಹೊರಟಾಗ ನಾವು ಐದು ಜನ ಉಳಿದಿದ್ದೆವು. ಶಹಾಪುರದ ಸಭೆಯಲ್ಲಿ ಬಾಯಿಪಾಠ ಮಾಡಿದ್ದನ್ನು ಹೇಳಲಿಲ್ಲ. ತಪ್ಪಿಸಿದ ಐದು ಭಾನುವಾರದ ಕಥೆ ಹೇಳಿದೆ. ಮುಂದಿನ ಸಾಲಿನಲ್ಲಿದ್ದ ಬಟ್ಟೆ ಅಂಗಡಿಯವರೊಬ್ಬರು ಎದ್ದು, "ನನಗೂ ಧಂದೆ ಅದ ಬಾಯಿಯವ್ರ, ನಡುವ ತಪ್ಪಿದ್ರ ಹ್ಯಾಂಗ?" ಎಂದು ಕೇಳಿದರು.

"ಹೇಳಿ ಕಳಸ್ರಿ. ಮತ್ತ ಹೋಗ್ರಿ," ಎಂದೆ. ಅವರು ಯೋಚಿಸಿ, ನಮ್ಮ ಪಟ್ಟಿಯಲ್ಲಿ ಹೆಸರು ಬರೆದರು.

ಜೇವರ್ಗಿ ದಾಟಿದ ಮೇಲೆ ಎದುರುಗಾಳಿ ನಮ್ಮನ್ನು ಹಿಂಡಿಹಾಕಿತು. ನಾಲ್ಕನೇ ದಿನದ ಸಂಜೆ ಬೀದರ್ ಮುಟ್ಟಿದಾಗ ಸಂತೋಷಪಡಲೂ ಶಕ್ತಿಯಿರಲಿಲ್ಲ. ಒಂದು ಖಾನಾವಳಿಯಲ್ಲಿ ಕುಳಿತು ಜೋಳದ ರೊಟ್ಟಿ ತಿಂದೆವು.

ಹುಡುಗಿ ಎರಡನೇ ವರ್ಷ ಫಿಜಿಕ್ಸಿನಲ್ಲಿ ಒಮ್ಮೆ ಫೇಲಾಗಿ ಮರುಪರೀಕ್ಷೆಯಲ್ಲಿ ಪಾಸಾದಳು. ನರ್ಸಿಂಗ್ ಓದಿ ಈಗ ರಾಯಚೂರಿನ ಆಸ್ಪತ್ರೆಯೊಂದರಲ್ಲಿದ್ದಾಳೆ. ಊರಿಗೆ ಬಂದಾಗ ಮನೆಗೆ ಬರುತ್ತಾಳೆ, ನನ್ನ ಬಿಪಿ ನೋಡಿ, ಉಪ್ಪು ಕಡಿಮೆ ಮಾಡಿರೆಂದು ಗದರಿಸಿ ಹೋಗುತ್ತಾಳೆ.